ಗಿರಿಮಲ್ಲಪ್ಪ ಸರ್ ಹೆಸರು ಮತ್ತು ನಮ್ಮ ಸರ್ವರ್

ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿಸಿದರು. ಉಳಿದದ್ದನ್ನೆಲ್ಲ ಸಂಶಯಿಸಿ ಮುಗಿದ ಮೇಲೆ ಕೈಗೆ ಸಿಕ್ಕವನು ನಾನೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಿಂದ ಎಷ್ಟೋ ಸಲ ಮನೆಗೆ ಮರಳಿದ್ದೇನೆ. ಇಂಥವನ ಕೈಗೆ ಕಾಲೇಜಿನವರು ಕಂಪ್ಯೂಟರ್ ಕೋಣೆಯನ್ನು ಒಪ್ಪಿಸಿದ್ದರು. ಜೊತೆಗೆ, ಎಲ್ಲರ ಹೆಸರು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಡೈರೆಕ್ಟರಿ ಸರ್ವರ್ ಅನ್ನೂ. ಅದು ಹೆಸರನ್ನು ಗುರುತಿಸಿದರಷ್ಟೇ ಉಳಿದ ಕಂಪ್ಯೂಟರ್‌ಗಳು ಬಾಗಿಲು ತೆರೆಯುತ್ತಿದ್ದವು.

ಆ ವರ್ಷ ಅದು ಮಧ್ಯಾಹ್ನವಾದರೆ ನಿಂತುಹೋಗತೊಡಗಿತು. ನಾನೇ ಏನೋ ಆರಿಸಿ ಮರೆತಿರಬೇಕೆಂದು ಕೆಲವು ದಿನ ಬಾಯಿ ಮುಚ್ಚಿಕೊಂಡಿದ್ದೆ. ಪ್ರಿನ್ಸಿಪಾಲರು ಬೇರೆ ಕಾರಣ ಕಂಡುಹಿಡಿದರು: ಇತಿಹಾಸದ ಗಿರಿಮಲ್ಲಪ್ಪ ಸರ್ ಬಂದು ಕುಳಿತಾಗಲೇ ಅದು ನಿಲ್ಲುತ್ತದೆ. “ಅವರ ಕೈಗುಣಾನ ಹಂಗ ಐತ್ರಿ. ನಾಳಿಂದ ಒಳಗ ಬಿಡಬ್ಯಾಡ್ರಿ,” ಎಂದರು. ನಿವೃತ್ತಿಯ ಅಂಚಿನಲ್ಲಿದ್ದ ಗಿರಿಮಲ್ಲಪ್ಪನವರು ತಮ್ಮ ಪಾಠದ ಟಿಪ್ಪಣಿಗಳನ್ನು ತಾವೇ ಟೈಪ್ ಮಾಡಬೇಕೆಂದು ಆ ವರ್ಷದಿಂದ ಮಧ್ಯಾಹ್ನ ಬಂದು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಅವರನ್ನು ಹೊರಗೆ ಹಾಕಲು ಮನಸ್ಸು ಬರಲಿಲ್ಲ; ಕೈಗುಣ ನಂಬಲು ಓದಿದ್ದು ಬಿಡಲಿಲ್ಲ. ಪಕ್ಕದಲ್ಲೇ ನಿಂತು ನೋಡಿದೆ.

ಲಾಗಿನ್‌ಗೆಂದು ನಾನು ಕೊಟ್ಟಿದ್ದ ಚಿಕ್ಕ ಹೆಸರನ್ನು ಬಿಟ್ಟು, ಅವರು ತಮ್ಮದು, ತಂದೆಯದು, ಅಜ್ಜನದು, ಮನೆತನದ್ದು, ಸಾಕಿನ್ ನಾಲತವಾಡ ಎಂದು ಊರು, ತಾಲೂಕು, ಜಿಲ್ಲೆ ಎಲ್ಲ ಬರೆದು ಎಂಟರ್ ಒತ್ತಿದರು. ಸರ್ವರ್ ಮಲಗಿತು.

“ಇಷ್ಟೆಲ್ಲ ಯಾಕ ಬರದ್ರಿ ಸರ?”

“ಬರೇ ಹೆಸರು ಹೇಳಿದ್ರ ಯಾರ ಮಗಾ, ಯಾವೂರಾಂವ ಅಂತ ಕೇಳದ ಬಿಡ್ತಾರೇನ್ರಿ? ಎರಡನೇ ಸಲ ಕೇಳೂ ತ್ರಾಸು ಅದಕ್ಯಾಕ?”

ಹುಡುಕಿದಾಗ ತಯಾರಕರ ಸೂಚನೆ ಸಿಕ್ಕಿತು: ಅತಿ ಉದ್ದದ ಹೆಸರು ಬಂದರೆ ಈ ಸರ್ವರ್ ಕುಸಿಯುತ್ತದೆ, ದುರುದ್ದೇಶದವರು ಹೀಗೆ ಮಾಡಿ ಎಲ್ಲರ ಕೆಲಸ ನಿಲ್ಲಿಸಬಹುದು. ನಮ್ಮ ದುರುದ್ದೇಶದವರು ಸರ್ವರ್‌ಗೆ ತ್ರಾಸಾಗದಿರಲೆಂದು ಅಜ್ಜನನ್ನೂ ಕರೆತಂದಿದ್ದರು! ಸೂಚನೆಯನ್ನು ಪ್ರಿನ್ಸಿಪಾಲರಿಗೆ ಓದಿ ಹೇಳಿದೆ. “ಅಂದ್ರ ಕೈಗುಣ ಅಲ್ಲೇನ್ರಿ?” ಎಂದು ಕೊಂಚ ನಿರಾಸೆಯಿಂದಲೇ ಒಪ್ಪಿದರು.

ಸರ್ವರ್ ರಿಪೇರಿ ಮಾಡಿ, ಗಿರಿಮಲ್ಲಪ್ಪನವರ ಇಡೀ ವಂಶವನ್ನು ಅದಕ್ಕೆ ಪರಿಚಯಿಸಿದೆ. ಅವರು ಎಲ್ಲ ಬರೆದು ಎಂಟರ್ ಒತ್ತಿದರು. ಬಾಗಿಲು ತೆರೆಯಿತು. “ಈಗ ಗುರ್ತು ಹಿಡೀತು ನೋಡ್ರಿ,” ಎಂದು ಮುಖ ಅರಳಿಸಿದರು.

ಇನ್ನೊಂದು ಉದ್ದದ ಹೆಸರು ಕೊಟ್ಟು ಖಾತ್ರಿ ಮಾಡಿಕೊಳ್ಳೋಣವೆಂದು ನಾನೇ ಕುಳಿತೆ. ನನ್ನ ಹೆಸರು, ಅಪ್ಪನ ಹೆಸರು ಸರಾಗ ಬಂದವು. ಅಜ್ಜನ ಹೆಸರಿಗೆ ಬಂದಾಗ ಬೆರಳು ತಡವರಿಸಿತು. ಗುರಪ್ಪನೋ, ಗುರುಲಿಂಗಪ್ಪನೋ?

“ಸರ್ವರ್ ನಡದೈತ್ರಿ ಸರ,” ಎಂದರು ಗಿರಿಮಲ್ಲಪ್ಪನವರು. “ನೀವ್ಯಾಕ ನಿಂತ್ರಿ?”