ನಿಂತಲ್ಲೇ ಕುಡಿಯುವ ಕಳ್ಳ

"ಭಾವ, ಕಣ್ಣು ಬಿಟ್ಟು ನೋಡಿ! ಇನ್ನು ನಿಮ್ಮ ಕಾರಿನ ಬ್ಯಾಟರಿ ಸತ್ತರೆ ನನ್ನ ಹೆಸರು ಸೀತಾಪತಿಯೇ ಅಲ್ಲ!"

ನನ್ನ ಭಾವಮೈದುನ ದೋಸೆ ಎರೆಯುವ ಯಂತ್ರ ಮಾಡಿದಾಗಲೂ ಹೀಗೇ ಹೇಳಿ ಹೆಸರು ಕಳೆದುಕೊಂಡಿದ್ದ. ಆ ದೋಸೆ ಈಗಲೂ ನಮ್ಮ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. ಆದರೂ ಹೋಗಿ ನೋಡಿದೆ. ಬೇರೆ ಗತಿ ಇರಲಿಲ್ಲ.

ನಮ್ಮ ಕಾರಿನದು ವಿಚಿತ್ರ ಕಾಯಿಲೆ. ಓಡುವಾಗ ಗುಂಡುಕಲ್ಲು! ನಿಲ್ಲಿಸಿ ಮಲಗಿದರೆ ಬೆಳಗ್ಗೆ ಬ್ಯಾಟರಿಯಲ್ಲಿ ಇಂಜಿನ್ ಎಬ್ಬಿಸುವಷ್ಟು ಕರೆಂಟ್ ಇರುವುದಿಲ್ಲ. ಹೊಸದು ಹಾಕಿಸಿದೆ, ಅದೂ ಅಷ್ಟೇ. "ಎಲ್ಲೋ ಕರೆಂಟ್ ಲೀಕ್ ಆಗ್ತಿದೆ ಸಾರ್" ಎಂದ ಮೆಕ್ಯಾನಿಕ್, ಎಲ್ಲಿ ಎಂದು ಹೇಳದೆ ಹೊರಟುಹೋದ. ಇದರಿಂದ ಹಾಳಾದದ್ದು ನನ್ನ ಹೆಂಡತಿ ಸುಗುಣಳ ಡ್ರೈವಿಂಗ್ ಟೆಸ್ಟ್. ಎರಡು ಸಲ ದಿನ ಗೊತ್ತಾಗಿತ್ತು, ಎರಡು ಸಲವೂ ಕಾರು ಗೇಟು ದಾಟಲಿಲ್ಲ. ಈ ದಿನ ಮೂರನೆಯದು.

"ಹೊರಡ್ರೀ ಅಂದ್ರೆ, ಇರು ಇನ್ನೊಂದು ಲೋಟ ಕಾಫಿ ಅಂತೀರಿ. ಮದುವೆಯಾದಾಗಿನಿಂದ ನಾನು ಒಂದು ಮುಹೂರ್ತ ಕಣ್ಣಾರೆ ನೋಡಿಲ್ಲ, ಬರೀ ಊಟದ ಎಲೆ ನೋಡಿದ್ದೀನಿ! ಲೈಸೆನ್ಸ್ ಬರಲಿ, ನಾನೇ ಓಡಿಸಿಕೊಂಡು ಹೋಗ್ತೀನಿ" ಎಂಬುದು ಅವಳ ಶಪಥ. ನ್ಯಾಯವಾದ ಶಪಥವೇ.

ಸೀತಾಪತಿಯ ಯಂತ್ರದ ಹೆಸರು ಚೋರಗ್ರಾಹಿ. ಕುಕ್ಕರಿನ ಮೈ, ಆರು ಕೈ, ಚಕ್ರದ ಕಾಲು, ಪೊಲೀಸಿನವರ ದನಿ. ಕೆಲಸವಿಲ್ಲದೆ ನಿಂತಲ್ಲೇ ಕುಡಿಯುವವರನ್ನು, ಅಂದರೆ ಕರೆಂಟ್ ಕಳ್ಳರನ್ನು, ಮೂಸಿ ಹಿಡಿಯುತ್ತದಂತೆ!

ಕಾರಿಗೆ ಕೈ ಹಾಕುವ ಮೊದಲು ಅದು ಡ್ಯಾಶ್‌ಬೋರ್ಡಿನ ಗಣಪತಿಗೆ ಆರು ಕೈಗಳನ್ನೂ ಜೋಡಿಸಿ ಮುಗಿಯಿತು. ನಮ್ಮತ್ತೆಯ ಕಣ್ಣಲ್ಲಿ ನೀರು! ಆ ಗಣಪತಿ ಅವರದೇ ಕಾಣಿಕೆ. ಆಯುಧಪೂಜೆಯ ದಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕೂರಿಸಿದ್ದು. ಹಿಂದೆ ಬಣ್ಣದ ದೀಪಗಳ ಪ್ರಭಾವಳಿ ಗಿರಗಿರ ತಿರುಗುತ್ತದೆ.

"ಸಂಸ್ಕಾರ ಕಲಿಸಿದ್ದೀನಮ್ಮಾ" ಎಂದು ಸೀತಾಪತಿ ಬೀಗಿದ. "ಯಾರನ್ನಾದರೂ ಅನುಮಾನಿಸು, ದೇವರನ್ನ ಮಾತ್ರ ಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದೀನಿ."

"ಕಳ್ಳ ಸಿಕ್ಕಿದ!" ಎಂದು ಕಿರುಚಿ ಚೋರಗ್ರಾಹಿ ಕಾರಿನ ಗಡಿಯಾರ ಕಿತ್ತಿತು. ಕರೆಂಟ್ ಸೋರುವುದು ನಿಲ್ಲಲಿಲ್ಲ. "ಕಳ್ಳ ಸಿಕ್ಕಿದ!" ರೇಡಿಯೊ ಹೋಯಿತು. ಹಾರನ್, ವೈಪರ್, ಒಳಗಿನ ದೀಪ ಎಲ್ಲವೂ ಒಂದೊಂದಾಗಿ ಅಂಗಳಕ್ಕೆ ಬಂದು ಬಿದ್ದವು. ಇಂಜಿನ್ನಿನ ವೈರುಗಳನ್ನೂ ಅದು ಶಾವಿಗೆಯ ಹಾಗೆ ಎಳೆದು ಹಾಕಿತು.

"ಸಾಕು ನಿಲ್ಲಿಸೋ!" ಎಂದೆ.

"ಕಳ್ಳ ಸಿಗೋ ತನಕ ಅದು ನಿಲ್ಲಲ್ಲ ಭಾವ. ಅದೇ ಅದರ ವಿಶೇಷ!"

ಕಾರಿನಲ್ಲಿ ಕೀಳುವುದು ಮುಗಿದ ಮೇಲೆ ಅದು ಮನೆಗೆ ನುಗ್ಗಿ ಫ್ರಿಜ್ಜನ್ನು ಬಂಧಿಸಿತು. ಕಾಲಿಂಗ್ ಬೆಲ್ ಹೋಯಿತು. ಪಕ್ಕದ ಮನೆಯವರ ಮೀನಿನ ತೊಟ್ಟಿಯ ಪಂಪನ್ನೂ ಕಿತ್ತು ತಂದಿತು! ನಾನು ಜಗಲಿಯ ಕುರ್ಚಿಯಲ್ಲಿ ಕುಸಿದು, ಇದ್ದ ಕಾಫಿಯನ್ನಾದರೂ ಕುಡಿಯೋಣವೆಂದು ಲೋಟ ಎತ್ತಿದೆ.

ಚೋರಗ್ರಾಹಿ ಗಕ್ಕನೆ ನಿಂತು ನನ್ನನ್ನು ಮೂಸಿತು.

"ಕಳ್ಳ ಸಿಕ್ಕಿದ! ಕೆಲಸ ಸೊನ್ನೆ! ಕುಡಿಯುವುದು ಮಾತ್ರ ನಡೆದಿದೆ!" ಎಂದು ನನ್ನ ಕಿವಿ ಹಿಡಿಯಿತು.

"ಈಗ ಸರಿಯಾಗಿ ಹಿಡೀತು ನೋಡು!" ಎಂದಳು ಸುಗುಣ.

ಕೊನೆಗೆ ಕಾರನ್ನು ತಳ್ಳಿಕೊಂಡೇ ಟೆಸ್ಟಿಗೆ ಹೊರಟೆವು. ಟೆಸ್ಟಿನ ಮೈದಾನಕ್ಕೆ ಹೋದಮೇಲೆ ವೈರು ಜೋಡಿಸುತ್ತೇನೆ ಎಂದು ಸೀತಾಪತಿ ಆಣೆ ಇಟ್ಟಿದ್ದ. ಸ್ಟಿಯರಿಂಗ್ ಹಿಡಿದು ಸುಗುಣ, ಹಿಂದಿನ ಸೀಟಿನಲ್ಲಿ ಸ್ತೋತ್ರ ಹೇಳುತ್ತ ಅತ್ತೆ, ತಳ್ಳುವುದಕ್ಕೆ ನಾವಿಬ್ಬರು. ನಾನು ದಣಿದು ನಿಂತಾಗಲೆಲ್ಲ ಚೋರಗ್ರಾಹಿ ಕಿವಿ ಹಿಂಡುತ್ತಿತ್ತು. ನಮ್ಮ ಸರಸ್ವತಿಪುರಂ ಬಡಾವಣೆ ಇಡೀ ಗೇಟಿಗೆ ಬಂದು ನೋಡಿತು.

ಮೈದಾನದಲ್ಲಿ ಸೀತಾಪತಿ ವೈರುಗಳನ್ನು ಹಿಡಿದು ಯಾವುದು ಎಲ್ಲಿಯದೆಂದು ತಿಳಿಯದೆ ತಲೆ ಕೆರೆದುಕೊಂಡ. ಇನ್ಸ್‌ಪೆಕ್ಟರು ನಮ್ಮನ್ನು ನೋಡಿ ನಿಟ್ಟುಸಿರು ಬಿಟ್ಟರು. "ಅಮ್ಮಾ, ಟೆಸ್ಟು ಓಡಿಸೋರಿಗೆ. ತಳ್ಳೋರಿಗಲ್ಲ. ಮುಂದಿನ ತಿಂಗಳು ಬನ್ನಿ."

ಸುಗುಣ ಬೈಯಲಿಲ್ಲ. ಸ್ಟಿಯರಿಂಗ್ ಬಿಡದೆ ಹಾಗೇ ಕೂತಳು, ಕಣ್ಣು ತುಂಬಿತ್ತು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅವಳು ಕಣ್ಣೊರೆಸಿಕೊಂಡು ಕೇಳಿದಳು. "ರೀ, ಕೀ ನನ್ನ ಸೆರಗಿನ ಗಂಟಿನಲ್ಲಿದೆ. ಕಾರಿನಲ್ಲಿ ಒಂದು ವೈರೂ ಉಳಿದಿಲ್ಲ. ಮತ್ತೆ ಇದು ಹೇಗೆ ತಿರುಗ್ತಿದೆ?"

ಗಣಪತಿಯ ಹಿಂದೆ ಪ್ರಭಾವಳಿ ಕೆಂಪು, ಹಸಿರು, ನೀಲಿಯಾಗಿ ಗಿರಗಿರ ತಿರುಗುತ್ತಿತ್ತು.

"ನಾನೇ ನೆಟ್ಟಗೆ ಬ್ಯಾಟರಿಗೇ ಕೊಡಿಸಿದ್ದು ಕಣೇ" ಎಂದರು ಅತ್ತೆ. "ಕಾರು ನಿಂತರೂ ದೇವರ ದೀಪ ನಿಲ್ಲಬಾರದು ನೋಡು. ನಂದಾದೀಪ!"

"ಕೀಳೋ ಅದನ್ನ!" ಎಂದು ಅರಚಿದೆ.

ಸೀತಾಪತಿ ಕೈ ಚಾಚಿ ಹಿಂದಕ್ಕೆಳೆದುಕೊಂಡ. "ಉರಿಯೋ ದೀಪ ಆರಿಸೋದಾ ಭಾವ? ನೀವೇ ಕೀಳಿ."

ನಾನೂ ಕೈ ಚಾಚಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನೂ ಹಿಂದಕ್ಕೆಳೆದುಕೊಂಡೆ.

ಈಗ ಎಲ್ಲರಿಗೂ ಒಪ್ಪಿಗೆಯಾಗುವ ಏರ್ಪಾಡಾಗಿದೆ. ದೀಪ ಆರಬಾರದು, ಬ್ಯಾಟರಿ ಸಾಯಬಾರದು, ಸುಗುಣಳ ನಾಲ್ಕನೇ ಟೆಸ್ಟು ತಪ್ಪಬಾರದು. ಆದ್ದರಿಂದ ಸೀತಾಪತಿ ಒಂದು ಹಳೇ ಸೈಕಲ್ಲನ್ನು ಕಾರಿನ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಡೈನಮೊ ಕಟ್ಟಿ, ಬ್ಯಾಟರಿಗೆ ಜೋಡಿಸಿದ್ದಾನೆ. ಬೆಳಗೂ ಬೈಗೂ ತುಳಿಯುವವನು ನಾನು. ಕಾಲು ನಿಧಾನವಾದರೆ ಕಿವಿ ಹಿಂಡಲು ಚೋರಗ್ರಾಹಿ ಹಿಂದೆಯೇ ಇದೆ. ಸುಗುಣ ಕಾರಿನಲ್ಲಿ ಕೂತು ಗೇರು ಹಾಕುವುದನ್ನು ಕಲಿಯುತ್ತ, ನನ್ನ ಪಾಲಿನ ಕಾಫಿ ಕುಡಿಯುತ್ತಾಳೆ.

ಅವಳನ್ನು ಮಾತ್ರ ಅದು ಹಿಡಿಯುವುದಿಲ್ಲ. ಅನುಮಾನಿಸಬಾರದವರ ಪಟ್ಟಿಗೆ ಸೀತಾಪತಿ ದೇವರ ಜೊತೆ ಅಕ್ಕನ ಹೆಸರನ್ನೂ ಸೇರಿಸಿದ್ದಾನಂತೆ.