ಹಸಿರು ಹಚ್ಚಿದ ಜೋಗುಳ

ಮೊಣಕಾಲು ಕೈಕೊಟ್ಟದ್ದಕ್ಕೆ ಕೌಸಲ್ಯಾಬಾಯಿಗೆ ಅಷ್ಟೇನೂ ಬೇಸರವಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಏನಾದರೊಂದು ಕೈಕೊಡಲೇಬೇಕು. ಆದರೆ ಅದು ಸರಿಯಾಗಿ ತಂಗಿ ಮಹಾಮಾಯಾಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದದ್ದು ನೋಡಿಕೊಂಡೇ ಕೈಕೊಟ್ಟಿತಲ್ಲ, ಅದರ ಹಿಂದೆ ಯಾರದೋ ಕಣ್ಣಿದೆ ಎಂಬುದು ಅವಳ ಗುಮಾನಿ. ಯಾರದೋ ಏನು ಬಂತು, ಔರಾದದ ಕೇಶರಬಾಯಿಯದೇ.

ಕೇಶರಬಾಯಿ ಮಹಾಮಾಯಾಳ ವಾರಗಿತ್ತಿ. ಮೆಹಕರದಲ್ಲಿರುವ ತಂಗಿಯ ಮನೆಯಲ್ಲಿ ನಲವತ್ತು ವರ್ಷಗಳಿಂದ ಯಾವ ಕೂಸಿನ ತೊಟ್ಟಿಲಾದರೂ ಮೊದಲು ತೂಗಿದ್ದು ಕೌಸಲ್ಯಾಬಾಯಿಯ ಜೋಗುಳಕ್ಕೆ. ಕೇಶರಬಾಯಿಗೆ ಸಿಗುತ್ತಿದ್ದುದು ಎರಡನೆಯ ಸರದಿ. ಅಷ್ಟು ಹೊತ್ತಿಗೆ ಕೂಸು ಮಲಗಿರುತ್ತಿತ್ತು, ಹೆಂಗಸರು ಊಟಕ್ಕೆ ಎದ್ದಿರುತ್ತಿದ್ದರು. ಈ ಸಲ ಕೌಸಲ್ಯಾಬಾಯಿ ಬೀದರ ಬಿಟ್ಟು ಕದಲಬಾರದೆಂದು ಡಾಕ್ಟರು ಹೇಳಿದ ಸುದ್ದಿ ಔರಾದ ಮುಟ್ಟಿದ್ದೇ ತಡ, ಕೇಶರಬಾಯಿ ದಿನಕ್ಕೆರಡು ಸಲ ಶುಂಠಿ ಕಷಾಯ ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ ಎಂಬ ವರ್ತಮಾನ ಬಂತು.

ಕೌಸಲ್ಯಾಬಾಯಿ ತಂಗಿಗೆ ಫೋನು ಹಚ್ಚಿದಳು. "ನಾ ಬರಲಿಲ್ಲಂದ್ರ ಏನಾತು, ನನ್ನ ದನಿ ಬರ್ತದ. ಐದು ಗಂಟಿಗಿ ತೊಟ್ಟಿಲ ಹಗ್ಗ ಹಿಡೀರಿ. ಅಲ್ಲೀತನಕ ಆಕಿ ಬಾಯಾಗ ಸಕ್ಕರಿ ಹಾಕಿ ಕೂಡಸು."

ಈ ಧೈರ್ಯ ಬಂದದ್ದು ಮಗ ಸ್ವಪ್ನಿಲನಿಂದ. ಅವನು ವಾರದ ಆರು ದಿನ ಕಚೇರಿಯಲ್ಲಿ ಗುಮಾಸ್ತ, ಏಳನೆಯ ದಿನ ಸಂಗೀತ ನಿರ್ದೇಶಕ. ಬೀದರದ ಮೈಲೂರಿನ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಅವ್ವ ಹೊಲಿದ ಕೌದಿಗಳನ್ನು ನೇತುಹಾಕಿ ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ (ಚಳಿಗಾಲದಲ್ಲಿ ಮನೆಮಂದಿಯೆಲ್ಲ ನಡುಗುತ್ತಿದ್ದರು, ಗೋಡೆಗಳು ಮಾತ್ರ ಬೆಚ್ಚಗಿದ್ದವು). ಹೋದ ಭಾನುವಾರವೇ ಅವ್ವನ ಜೋಗುಳ ಅಲ್ಲಿ ರೆಕಾರ್ಡ್ ಆಗಿತ್ತು. ಹಾರ್ಮೋನಿಯಂ, ತಬಲಾ, ಗೆಜ್ಜೆ ಎಲ್ಲ ಕೂಡಿಸಿದ್ದೂ ಆಗಿತ್ತು. ಇನ್ನು ಮೆಹಕರಕ್ಕೆ ಕಳಿಸುವುದಷ್ಟೇ.

ಇಂದು ಮತ್ತೆ ಭಾನುವಾರ, ತೊಟ್ಟಿಲ ದಿನ. ಬೆಳಿಗ್ಗೆ ಒಂಬತ್ತಕ್ಕೆ ಸ್ವಪ್ನಿಲ ಲ್ಯಾಪ್‌ಟಾಪ್ ತೆರೆದು ಕುಳಿತು, "ಎಲ್ಲಾ ಆಗ್ಯದವ್ವಾ. ಬರೇ ಬಣ್ಣ ಹಚ್ಚೋದು ಉಳದದ" ಎಂದ.

ಬಣ್ಣ ಹಚ್ಚುವುದೆಂದರೆ ಏನೆಂದು ಕೌಸಲ್ಯಾಬಾಯಿಗೆ ಗೊತ್ತಿತ್ತು. ಹಿಂದಿನ ವರ್ಷ ಮನೆಗೆ ಬಣ್ಣ ಹಚ್ಚಲು ಹೋಗಿ ಎರಡು ತಿಂಗಳು ಪಾತ್ರೆ ಪಡಗಗಳೆಲ್ಲ ಅಂಗಳದಲ್ಲಿದ್ದವು.

ಸ್ವಪ್ನಿಲ ತಿಳಿಸಿ ಹೇಳಿದ. ಪರದೆಯ ಮೇಲೆ ಒಂದೊಂದು ಸದ್ದಿಗೆ ಒಂದೊಂದು ಉದ್ದನೆಯ ಪಟ್ಟಿ. ಎಲ್ಲವೂ ಬೂದಿ ಬಣ್ಣ. ಗೆಜ್ಜೆಯೆಂದು ತಬಲಾ ಹಿಡಿಯುತ್ತಾನೆ, ತಬಲಾ ಎಂದು ಹಾರ್ಮೋನಿಯಂ. ಬಣ್ಣ ಹಚ್ಚಿಟ್ಟರೆ ಕಣ್ಣಿಗೆ ತಟ್ಟನೆ ಗುರುತು. ಮಾತು ಖರೇ ಅನ್ನಿಸಿ ಕೌಸಲ್ಯಾಬಾಯಿ ತಲೆಯಾಡಿಸಿದಳು. ಅವಳು ಓದಿದ್ದು ಎರಡನೆಯ ಇಯತ್ತೆ; ಆ ಪಟ್ಟಿಗಳ ಇರುವೆಯಂಥ ಅಕ್ಷರ ಅವಳಿಗೆ ದಕ್ಕುವಂತಿರಲಿಲ್ಲ. ಬಣ್ಣವಾದರೆ ಓದಬಲ್ಲಳು.

ಆದರೆ ಸ್ವಪ್ನಿಲ ಪಟ್ಟಿಗೆ ಬಣ್ಣ ಹಚ್ಚುವ ಮೊದಲು ಹಿಂದಿನ ಪರದೆಗೇ ಹಚ್ಚಲು ಹೊರಟ. ಕಪ್ಪು ಮಾಡಿದ, ಅಕ್ಷರ ಮಾಯವಾದವು. ಬಿಳಿ ಮಾಡಿದ, ಕಣ್ಣು ಕುಕ್ಕಿ ನೀರು ಬಂತು. ಆಮೇಲೆ ಚಹಾದ ಬಣ್ಣ, ಹಾಲು ಹೆಚ್ಚಾದ ಚಹಾದ ಬಣ್ಣ, ಆರಿದ ಚಹಾದ ಬಣ್ಣ. ಹನ್ನೊಂದು ಹೊಡೆಯಿತು.

ಅಷ್ಟರಲ್ಲಿ ಯಜಮಾನರು ಬಂದರು. ಗೋರಖನಾಥ ಗಾಂಧಿ ಗಂಜಿನ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ತೂಕ ಹಿಡಿದವರು. ಮಗನ ಹಿಂದೆ ನಿಂತು ನೋಡಿ, ಬಣ್ಣಕ್ಕೂ ಒಂದು ಶಿಸ್ತು ಬೇಕು ಎಂದು ತೀರ್ಪಿತ್ತರು. ತಬಲಾಕ್ಕೆ ಉದ್ದಿನ ಕಪ್ಪು, ಹಾರ್ಮೋನಿಯಮ್ಮಿಗೆ ತೊಗರಿಯ ಕೆಂಪು, ಗೆಜ್ಜೆಗೆ ಜೋಳದ ಬಿಳುಪು, ಹೆಂಡತಿಯ ದನಿಗೆ ಕಡಲೆಬೇಳೆಯ ಹಳದಿ. ಕೊನೆಗೆ ಉಳಿದವು ಎರಡು ಪಟ್ಟಿ, ರೆಕಾರ್ಡಿಂಗ್ ಕೆಟ್ಟವು. ಒಂದರಲ್ಲಿ ಕಾಗೆ ಕೂಗಿತ್ತು. ಇನ್ನೊಂದರಲ್ಲಿ ಕುಕ್ಕರಿನ ಸೀಟಿ, ಜೊತೆಗೆ ಮೈಕು ತೆರೆದಿದೆಯೆಂದು ತಿಳಿಯದೆ ಕೌಸಲ್ಯಾಬಾಯಿ ಸೊಸೆಯೊಂದಿಗೆ ಆಡಿದ ನಾಲ್ಕು ಮಾತು (ಏನು ಮಾತೆಂದು ಇಬ್ಬರಿಗೂ ನೆನಪಿಲ್ಲ, ಅತ್ತೆ ಸೊಸೆ ಆಡಿದ್ದನ್ನೆಲ್ಲ ನೆನಪಿಡುತ್ತ ಕುಳಿತರೆ ಸಂಸಾರ ನಡೆದೀತೆ). ಸ್ವಪ್ನಿಲ ಅವನ್ನು ಅಳಿಸಿರಲಿಲ್ಲ. ಹರಿದ ಚೀಲವನ್ನೂ ಮಡಚಿಡುವ ಅಪ್ಪನ ಮಗ ಅವನು. ಪಟ್ಟಿಯ ಪಕ್ಕದಲ್ಲೊಂದು ಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಅದರ ಬಾಯಿ ಬಂದ್, ಮತ್ತೊಮ್ಮೆ ಒತ್ತಿದರೆ ಬಾಯಿ ಖುಲ್ಲಾ. ಹಾಗೆ ಎರಡನ್ನೂ ಬಾಯಿ ಮುಚ್ಚಿಸಿ ಇಟ್ಟಿದ್ದ.

"ಇವಕ್ಕ ಹಸರ ಹಚ್ಚು," ಎಂದರು ಗೋರಖನಾಥ. "ನಮ್ಮ ಅಂಗಡ್ಯಾಗ ಖರಾಬ್ ಮಾಲಿನ ಚೀಲಕ್ಕ ಹಸರ ಗೀಟ ಎಳೀತಿದ್ವಿ. ಹಸರ ಗೀಟಿನ ಚೀಲ ಲಾರಿ ಹತ್ತಬಾರದು. ಹಮಾಲರಿಗಿ ಓದ್ಲಾಕ ಬರಲಿ, ಬಿಡಲಿ, ಬಣ್ಣ ತಿಳೀತಿತ್ತು."

ಮೂವತ್ತು ವರ್ಷದಲ್ಲಿ ಒಂದು ಚೀಲವೂ ತಪ್ಪಿ ಹೋಗಿರಲಿಲ್ಲ ಎಂದು ಸೇರಿಸಿ, ಎರಡಕ್ಕೂ ಹಸಿರು ಹಚ್ಚಿಸಿ, ಅವರು ಊಟ ಮಾಡಿ ಮಲಗಿದರು.

ಆಮೇಲೆ ಸೊಸೆ ಆಮ್ರಪಾಲಿಯ ಪ್ರವೇಶ. ಅವಳು ಸಾಲಿಯ ಮೇಡಮ್ಮು, ಸೀರೆಗೂ ಚಪ್ಪಲಿಗೂ ಬಣ್ಣ ಹೊಂದಿಸುವವಳು. ಉದ್ದಿನ ಪಕ್ಕ ತೊಗರಿ ಇಟ್ಟರೆ ಕಿರಾಣಿ ಅಂಗಡಿಯ ಹಾಗೆ ಕಾಣುತ್ತದೆ ಎಂದು ಆಕ್ಷೇಪ ತೆಗೆದಳು. ತಬಲಾ ಬದನೆಕಾಯಿ ಬಣ್ಣಕ್ಕೆ ತಿರುಗಿತು, ಹಾರ್ಮೋನಿಯಂ ಈರುಳ್ಳಿಯ ಸಿಪ್ಪೆಯಾಯಿತು. ಗಂಡ ಹೆಂಡತಿ ಗೆಜ್ಜೆಯ ವಿಷಯಕ್ಕೆ ಅರ್ಧ ತಾಸು ಮಾತು ಬಿಟ್ಟರು.

ಕೌಸಲ್ಯಾಬಾಯಿ ಗೋಡೆಯ ಗಡಿಯಾರದ ಕೆಳಗೆ ಮೊಣಕಾಲಿಗೆ ಎಣ್ಣೆ ನೀವುತ್ತ ಕುಳಿತಿದ್ದಳು. ಎರಡು ಗಂಟೆಗೆ ಮಹಾಮಾಯಾ ಫೋನು ಮಾಡಿ, ಔರಾದದವರು ಬಂದಿಳಿದರು, ಕೇಶರಬಾಯಿ ತೊಟ್ಟಿಲಿಗೆ ಒತ್ತಿಯೇ ಕುಳಿತಿದ್ದಾಳೆ ಎಂದು ಪಿಸುಗುಟ್ಟಿದಳು. ಎರಡೂವರೆಗೆ ಮತ್ತೆ ಫೋನು: ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ. ಕೌಸಲ್ಯಾಬಾಯಿ ಮಗನನ್ನು ಬೇಡಿಕೊಂಡಳು, ಬೈದಳು, ಅವನ ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟಳು. ಬೆಳಗಿನಿಂದ ಮೂವರೂ ಹಾಡನ್ನು ನೋಡುತ್ತಲೇ ಇದ್ದರು. ಒಬ್ಬರೂ ಒಂದು ಸಾಲು ಕೇಳಿರಲಿಲ್ಲ.

"ಹಾಡು ಕಿವಿಗಿ ಇರತದೋ, ಕಣ್ಣಿಗಿ ಇರತದೋ?" ಎಂದಳು. "ಬಣ್ಣ ಯಾರು ಕೇಳ್ತಾರ? ಕೂಸು ಕೇಳತದೇನ?"

ಈ ಮಾತಿಗೆ ಸ್ವಪ್ನಿಲನಿಗೂ ನಾಚಿಕೆಯಾಯಿತು. ಪೂರಾ ಆಯಿತೆಂದು ಲ್ಯಾಪ್‌ಟಾಪನ್ನು ಅವ್ವನ ಕಡೆ ತಿರುಗಿಸಿದ. ಕೌಸಲ್ಯಾಬಾಯಿ ಕನ್ನಡಕ ಏರಿಸಿ ನೋಡಿದಳು. ಚಂದವೇ ಇತ್ತು. ಅವಳ ಪಟ್ಟಿಯೊಂದು ಮಾತ್ರ ಹಳದಿ, ಕಾಮಾಲೆ ಹಿಡಿದ ಕಣ್ಣಿನ ಹಾಗೆ.

ಏನೂ ಅನ್ನಬಾರದೆಂದುಕೊಂಡಳು. ಮೂರು ಗಂಟೆ ಹತ್ತು ನಿಮಿಷ. ಎರಡು ನಿಮಿಷ ಸುಮ್ಮನಿದ್ದಳು ಕೂಡ.

"ಇದು ನಾನೇನ?"

"ಹೌದವ್ವಾ."

"ಇರಲಿ ಬಿಡು. ನನಗೇನು." ಸ್ವಲ್ಪ ತಡೆದು, "ನಿನ್ನ ತೊಟ್ಟಲಾಗ ಹಾಕಿದ ದಿನ ನಾ ಹಸರ ಸೀರಿ ಉಟ್ಟಿದ್ದೆ" ಎಂದಳು.

ಸ್ವಪ್ನಿಲ ಆ ಪಟ್ಟಿಗೆ ಹಸಿರು ಹಚ್ಚಿದ. ಅದು ಗಿಳಿಹಸಿರು. ಅವಳ ಸೀರೆ ಗಿಳಿಹಸಿರಲ್ಲ. ಬೇವಿನ ಹಸಿರು ತೆಗೆದ. ಅದು ಮುದಿ ಎಲೆ, ಅವಳಿಗೆ ಬೇಕಾದದ್ದು ಚಿಗುರು ದಾಟಿದ್ದು. ಹಸಿಕಡಲೆಯ ಹಸಿರು ಹತ್ತಿರ ಬಂತು, ಆದರೆ ಸುಲಿಯದ ಹಸಿಕಡಲೆ ಅಲ್ಲ, ಸುಲಿದದ್ದು. ಆಮ್ರಪಾಲಿ ಟ್ರಂಕಿನ ತಳದಿಂದ ಆ ಸೀರೆಯನ್ನೇ ತಂದು ಪರದೆಗೆ ಹಿಡಿದಳು. ಅಂಚು ಮಾಸಿತ್ತು, ಸೆರಗು ನೋಡಿ ಅಂದಳು ಅತ್ತೆ. ಹನ್ನೊಂದು ಹಸಿರು ಬಂದು ಹೋಗಿ ಹನ್ನೆರಡನೆಯದಕ್ಕೆ ಅವಳ ಮುಖ ಅರಳಿದಾಗ ಗಡಿಯಾರ ನೋಡಿದವರು ಯಾರೂ ಇರಲಿಲ್ಲ. ನಾಲ್ಕೂ ನಲವತ್ತೈದು ಆಗಿತ್ತು.

ಮಹಾಮಾಯಾಳ ಫೋನು ಬಡಿದುಕೊಂಡಿತು. ಹಗ್ಗ ಹಿಡಿದಾಗಿದೆ, ಸ್ಪೀಕರು ಹಚ್ಚಿದ್ದಾರೆ, ಕೇಶರಬಾಯಿ ಬಾಯಿ ತೆರೆಯುವುದೊಂದು ಬಾಕಿ. ಆ ಗದ್ದಲಕ್ಕೆ ಗೋರಖನಾಥ ಎದ್ದು ಕುಳಿತು, ಕಣ್ಣು ತಿಕ್ಕುತ್ತ, "ಖರಾಬ್ ಮಾಲು ತೆಗದ್ಯೋ ಇಲ್ಲೋ? ಹಸರ ಗೀಟಿಂದು ಲಾರಿ ಹತ್ತಬಾರದು ನೋಡು" ಎಂದು ಎಚ್ಚರಿಸಿದರು.

ಬೆಳಿಗ್ಗೆಯೇ ಬಾಯಿ ಮುಚ್ಚಿಸಿದ್ದು ಆ ಗಡಿಬಿಡಿಯಲ್ಲಿ ಸ್ವಪ್ನಿಲನಿಗೆ ಎಲ್ಲಿಯ ನೆನಪು. ಹಸಿರು ಕಂಡಲ್ಲೆಲ್ಲ ಗುಂಡಿ ಒತ್ತಿದ. ಟಕ್, ಟಕ್, ಟಕ್. ಮೂರು ಸಲ ಸದ್ದಾದದ್ದು ಕೌಸಲ್ಯಾಬಾಯಿಯ ಕಿವಿಗೆ ಬಿತ್ತು. ಪಕ್ಕದ ಮನೆಯ ಹಾಲು ಉಕ್ಕುವುದು ಕೇಳುವ ಕಿವಿ ಅದು. ಆದರೆ ಅವಳ ಜೀವವೆಲ್ಲ ಕಣ್ಣಿಗೆ ಬಂದು ಸುಲಿದ ಹಸಿಕಡಲೆಯ ಬಣ್ಣದಲ್ಲಿ ನೆಟ್ಟಿತ್ತು.

"ಒಂದ್ಸಲ ಕೇಳಿ ಕಳಸ್ತೇನಿ, ಅವ್ವಾ. ನಾಕು ಮಿಂಟ."

"ಬ್ಯಾಡ," ಎಂದಳು ಕೌಸಲ್ಯಾಬಾಯಿ. "ನಾ ನೋಡೀನಿ. ಚಂದ ಕಾಣಸ್ತದ. ಕಳಸು."

ಹಾಡು ಹೋಯಿತು. ಐದಕ್ಕೆ ಇನ್ನೂ ಮೂರು ನಿಮಿಷವಿತ್ತು. ಕೌಸಲ್ಯಾಬಾಯಿ ಮುಖ ತೊಳೆದು, ಟ್ರಂಕಿನಿಂದ ತೆಗೆದ ಹಸಿರು ಸೀರೆಯನ್ನೇ ಉಟ್ಟು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮೆಹಕರದಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುವುದು, ಕೇಶರಬಾಯಿ ಸಕ್ಕರೆ ನುಂಗುವುದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು.

ಫೋನು ಬಂದದ್ದು ಐದೂವರೆಗೆ. ಮಹಾಮಾಯಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎಲ್ಲರೂ ಕೈಮುಗಿದು ಕುಳಿತಿದ್ದರಂತೆ. ಹಾರ್ಮೋನಿಯಂ ಬಂತು, ತಬಲಾ ಬಂತು. ಅಕ್ಕನ ದನಿ ಈಗ ಬಂತು, ಆಗ ಬಂತು ಎಂದು ನೋಡಿದರೆ ಬಂದದ್ದು ಕಾಗೆ. ಅದರ ಹಿಂದೆ ಕುಕ್ಕರಿನ ಮೂರು ಸೀಟಿ. ಅದಾದ ಮೇಲೆ ಅಕ್ಕನ ದನಿಯೂ ಬಂತು. ಹಾಡಲಿಲ್ಲ, ಮಾತಾಡಿತು. ಸ್ಪೀಕರಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ, "ಬ್ಯಾಳಿ ಇಳಸು ಆಮ್ರಪಾಲಿ. ಆ ಕೇಶರಬಾಯಿ ಹಾಡಿದ್ರ ಕೂಸು ಮಲಗೋದು ದೂರ ಉಳೀತು, ಎಮ್ಮಿ ಸುದ್ದಾ ಹಾಲು ಬಿಡಲ್ಲ."

ಫೋನಿನ ದನಿ ಕೋಣೆಗೆಲ್ಲ ಕೇಳಿಸಿತ್ತು. ಸ್ವಪ್ನಿಲ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ಆಮ್ರಪಾಲಿಗೆ ಅಡುಗೆಮನೆಯಲ್ಲಿ ತುರ್ತು ಕೆಲಸ ನೆನಪಾಯಿತು.

"ಮೂವತ್ತು ವರ್ಷದಾಗ ಒಂದು ಚೀಲ ತಪ್ಪಿದ್ದಿಲ್ಲ," ಎಂದರು ಗೋರಖನಾಥ, ತಮ್ಮಷ್ಟಕ್ಕೆ.

ಅತ್ತ ಫೋನು ಕೈಬದಲಾಯಿತು. ಗಂಟಲು ಸರಿಮಾಡಿಕೊಂಡ ಸದ್ದಿನಿಂದಲೇ ಕೌಸಲ್ಯಾಬಾಯಿಗೆ ಅದು ಯಾರೆಂದು ತಿಳಿಯಿತು. ಶುಂಠಿಯ ವಾಸನೆಯೂ ಬಂದಂತಾಯಿತು. ಹಸಿರು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಕ್ಕಾ, ಶರಣ್ರಿ," ಎಂದಳು ಕೇಶರಬಾಯಿ, ತುಪ್ಪದಂಥ ದನಿಯಲ್ಲಿ. "ಮತ್ತ ನಾನೇ ಹಾಡಿದೆ. ಕೂಸು ಮಲಗೇದರಿ. ಈಗ ಎಮ್ಮಿ ಕಡಿ ಹೊಂಟೀನಿ. ಫೋನ ಇಡಬ್ಯಾಡ್ರಿ."