ನನ್ನ ಸೀಸದಕಡ್ಡಿಯ ಫಜೀತಿಗಳು

ಮಹಾರಾಜರ ಕಾಲದಲ್ಲಿ ನಾನು ಮಧುಗಿರಿಯಲ್ಲಿ ಮೇಷ್ಟರಾಗಿದ್ದೆ. ಜೇಬಿನಲ್ಲಿ ಸದಾ ಒಂದು ಸೀಸದಕಡ್ಡಿ, ಕಂಡವರ ಚಿತ್ರ ಬರೆಯುವ ಹುಚ್ಚು. ಆದ್ದರಿಂದ ನನ್ನ ಬದುಕಿನಲ್ಲಿ ಫಜೀತಿಗೆ ಎಂದೂ ಬರ ಬೀಳಲಿಲ್ಲ.

ಅಜ್ಜಿಯ ಕಣ್ಣು

ಕೊರಟಗೆರೆಯಲ್ಲಿ ಕಳ್ಳೇಕಾಯಿ ಮಾರುತ್ತಿದ್ದ ಅಜ್ಜಿಯನ್ನು ಪಕ್ಕದಿಂದ ನೋಡಿ ಬರೆದೆ. ಮೂಗು ಬಲು ಚೆನ್ನಾಗಿ ಕೂತಿತ್ತು. ಅಜ್ಜಿ ದಿಟ್ಟಿಸಿ ನೋಡಿ, “ನಂಗೆ ಎಲ್ಡು ಕಣ್ಣವ್ವೆ ಕಣಪ್ಪ. ಇನ್ನೊಂದ ಎಲ್ಲಿ ಬುಟ್ಟೆ?” ಅಂದಳು.

ಪಕ್ಕದಿಂದ ನೋಡಿದರೆ ಒಂದೇ ಕಾಣುವುದೆಂದು ವಿವರಿಸಿದೆ. ಅಜ್ಜಿ ಕಾಗದ ತಿರುಗಿಸಿ ಬೆನ್ನಲ್ಲಿ ಹುಡುಕಿದಳು. ಕೊನೆಗೆ ಅಲ್ಲೊಂದು ಕಣ್ಣು ಬರೆದುಕೊಟ್ಟ ಮೇಲೆ ಒಂದು ಹಿಡಿ ಕಳ್ಳೇಕಾಯಿ ಸಿಕ್ಕಿತು.

ಮೂರನೆಯ ಗೆರೆ

ಶಿರಾ ಸಂತೆಯಲ್ಲಿ ಕಂಬಳಿ ನೇಯುವವನೊಬ್ಬನನ್ನು ಹೆಗಲ ಮೇಲಿನ ಕಂಬಳಿಯ ಸಮೇತ ಬರೆದೆ. ಅವನು ಮುಖದ ಕಡೆ ನೋಡಲೇ ಇಲ್ಲ. “ಅಂಚಿಗೆ ಎಲ್ಡೇ ಗೆರೆ ಎಳ್ದಿದೀರಲ್ಲ ಸ್ವಾಮಿ. ನಮ್ದು ಮೂರು. ಜನ ಕಂಡ್ರೆ ನನ್ ಮಗ್ಗದ ಮರ್ಯಾದೆ ಏನಾಯ್ತದೆ?”

ಗೆರೆ ಎಳೆದುಕೊಟ್ಟೆ. ಆಗ ನೋಡಿಕೊಂಡರೆ, ಅವನಿಗೆ ಬಾಯಿ ಬರೆಯುವುದನ್ನೇ ಮರೆತಿದ್ದೆ. ಮತ್ತೆ ಸೀಸದಕಡ್ಡಿ ತೆಗೆದಾಗ ಪಕ್ಕದಲ್ಲಿದ್ದ ಅವನ ಹೆಂಡತಿ ತಡೆದಳು. “ಇರ್ಲಿ ಬುಡಿ ಸ್ವಾಮಿ, ಇಂಗೇ ಚೆಂದಾಗವ್ನೆ.”

ತಂಗಿಯ ಚಿತ್ರ

ತಂಗಿಗೆ ಬಂದ ಎರಡು ಸಂಬಂಧ ತಪ್ಪಿಹೋಗಿ ಅಪ್ಪನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪಾವಗಡದ ಕಡೆಯವರೊಬ್ಬರು, ಮೊದಲು ಹುಡುಗಿಯ ಪಟ ಕಳಿಸಿ ಎಂದು ಹೇಳಿಕಳಿಸಿದರು. ನಮ್ಮೂರಲ್ಲಿ ಫೋಟೋ ತೆಗೆಯುವವರು ಎಲ್ಲಿದ್ದರು?

“ನೀನೇ ಬರಿಯಪ್ಪ. ಇದೂ ತಪ್ಪಿದ್ರೆ ನಿನ್ ತಲೆ ಮೇಲೆ,” ಅಂದರು ಅಪ್ಪ. ನಾನು ಸೀಸದಕಡ್ಡಿಯನ್ನು ಎರಡೆರಡು ಸಲ ಚೂಪು ಮಾಡಿಕೊಂಡೆ.

ಹಿತ್ತಲಲ್ಲಿ ನಮ್ಮ ಕೆಂದ ಹಸುವಿನ ಪಕ್ಕ ಅವಳನ್ನು ನಿಲ್ಲಿಸಿದೆ. ಹಸು ಅಲ್ಲಾಡದೆ ನಿಂತಿತು. ತಂಗಿ ಒಂದೇ ಸಮನೆ ನಕ್ಕಳು. ಚಿತ್ರದಲ್ಲೂ ಹಸು ಅಚ್ಚುಕಟ್ಟಾಗಿ ಬಂತು, ತಂಗಿಯ ಮುಖ ಮಾತ್ರ ಕಲಸಿಹೋಯಿತು.

ವಾರದೊಳಗೆ ಹುಡುಗನ ತಂದೆಯೇ ಬಂದರು. ತಂಗಿಯನ್ನು ನೋಡಿ ಒಪ್ಪಿಗೆಯೆಂಬಂತೆ ತಲೆಯಾಡಿಸಿ, ಚಿತ್ರ ಹಿಡಿದುಕೊಂಡು ನೇರ ಹಿತ್ತಲಿಗೆ ನಡೆದರು.

“ಅಮ್ಮಾಯಿ ಸರೇ ಸ್ವಾಮಿ. ಈ ಹಸ ನಿಮ್ದೇನಾ?”

“ನಮ್ದೇ,” ಅಂದರು ಅಪ್ಪ.

“ಅಂಗಾದ್ರೆ ಇಬ್ರನ್ನೂ ಕಳ್ಸಿಕೊಡಿ.”

ಅಪ್ಪ ಆ ಕ್ಷಣವೇ ಒಪ್ಪಿಕೊಂಡರು. ಆ ರಾತ್ರಿ ಎರಡು ಮುದ್ದೆ ಉಂಡರು.

ಮದುವೆಯಾಗಿ ತಂಗಿ ಮೊದಲ ಸಲ ತವರಿಗೆ ಬಂದಾಗ ಅಮ್ಮ ಖಾಲಿ ಕೊಟ್ಟಿಗೆ ತೋರಿಸಿ ಕಣ್ಣೊರೆಸಿಕೊಂಡರು. ತಂಗಿ ನನ್ನ ಕಡೆ ತಿರುಗಿದಳು.

“ನನ್ ಮುಖಾನ ಇನ್ನೊಂಚೂರು ಚೆನ್ನಾಗಿ ಬರ್ದಿದ್ರೆ ಹಸ ಮನೇಲೇ ಇರ್ತಿತ್ತು ಕಣಣ್ಣ.”